ದ್ರಾಕ್ಷಿ ಬೇರಿನ ಒಡನಾಡಿ ಶಿಲೀಂಧ್ರ: ಕೊಳ್ಳುವುದಕ್ಕೆ ಮೊದಲು ಉಳಿಸಿಕೊಳ್ಳುವ ವಿಚಾರ



ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆಗಾಗಿ ವಾರ್ಡ್ ಸಭೆ ಹಾಗೂ ಗ್ರಾಮ ಸಭೆಗಳು ನಡೆಯುವ ದಿನಗಳಲ್ಲಿ ದ್ರಾಕ್ಷಿ ಬೆಳೆಯುವ ಊರುಗಳಿಂದ ಈಚೆಗೆ ಒಂದು ಬೇಡಿಕೆ ಕೇಳಿಬರತೊಡಗಿದೆ. ‘ವ್ಯಾಮ್’ ಎಂಬ ಪುಡಿಯನ್ನು ಪಂಚಾಯತಿಯ ವತಿಯಿಂದ ಖರೀದಿಸಿ ಬೆಳೆಗಾರರಿಗೆ ಹಂಚಬೇಕೆಂಬುದೇ ಆ ಬೇಡಿಕೆ. ಬೇಡಿಕೆಯನ್ನು ಮಂಡಿಸುವವರು ಅದನ್ನು ಗೊಬ್ಬರವೆನ್ನುತ್ತಾರೆ, ಮಾರುವವರು ಔಷಧವೆನ್ನುತ್ತಾರೆ. ಅದು ಇವೆರಡೂ ಅಲ್ಲ, ಅದೊಂದು ಜೀವಿ. ಜೀವಿಯನ್ನು ಸರಕಿನಂತೆ ಕೊಂಡು ಹಂಚುವ ನಿರ್ಣಯಕ್ಕೆ ಸಹಿ ಹಾಕುವ ಮೊದಲು ಅದು ಎಲ್ಲಿ ಬದುಕುತ್ತದೆ, ಏನನ್ನು ತಿನ್ನುತ್ತದೆ, ಯಾವುದರಿಂದ ಸಾಯುತ್ತದೆ ಎಂಬುದನ್ನು ತಿಳಿದಿರುವುದು ಉಚಿತ. ಈ ಶಿಲೀಂಧ್ರವು ನಮ್ಮ ಹೊಲಗಳ ಮೇಲ್ಮಣ್ಣಿನಲ್ಲಿ ಬಹುಮಟ್ಟಿಗೆ ಈಗಾಗಲೇ ಇದೆ. ಅದನ್ನು ಕಳೆಯುವ ಕೆಲಸಗಳಲ್ಲಿ ಕೆಲವನ್ನು ರೈತರು ಮಾಡುತ್ತಾರೆ, ಕೆಲವನ್ನು ನಮ್ಮದೇ ಕಾಮಗಾರಿಗಳು ಮಾಡುತ್ತವೆ. ಈ ಲೇಖನವು ಮುಖ್ಯವಾಗಿ ಅದನ್ನೇ ಕುರಿತದ್ದು.

ಸಂವಿಧಾನದ ಹನ್ನೊಂದನೆಯ ಅನುಸೂಚಿಯು ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳಲ್ಲಿ ಕೃಷಿ ಮತ್ತು ಕೃಷಿ ವಿಸ್ತರಣೆಯನ್ನು ಮೊದಲನೆಯದಾಗಿಯೂ, ಭೂ ಅಭಿವೃದ್ಧಿ ಹಾಗೂ ಮಣ್ಣಿನ ಸಂರಕ್ಷಣೆಯನ್ನು ಎರಡನೆಯದಾಗಿಯೂ ಹೇಳಿದೆ. ಆದುದರಿಂದ ‘ಇದು ತೋಟಗಾರಿಕೆ ಇಲಾಖೆಯವರ ಕೆಲಸ’ ಎಂದು ಸುಮ್ಮನಿರುವಂತಿಲ್ಲ.

ಹೆಸರು ಮತ್ತು ಪರಿಚಯ

ಶಿಲೀಂಧ್ರವೆಂಬ ಪದವನ್ನು ಕೇಳಿದೊಡನೆ ದ್ರಾಕ್ಷಿ ಬೆಳೆಗಾರನಿಗೆ ನೆನಪಾಗುವುದು ಬೂದಿ ರೋಗ, ಬೂಜು ತುಪ್ಪಟ ರೋಗ, ಮತ್ತು ಅವುಗಳಿಗಾಗಿ ಮಾಡಿದ ಸಿಂಪರಣೆಯ ಖರ್ಚು. ಅಕ್ಟೋಬರ್ ಚಾಟ್ನಿಯ ನಂತರ ಮೋಡ ಕವಿದರೆ ರಾತ್ರಿಯೇ ಟ್ರ್ಯಾಕ್ಟರ್ ಹೂಡಿ ಸಿಂಪರಣೆಗೆ ಹೊರಡುವವರಿಗೆ ‘ಉಪಕಾರಿ ಶಿಲೀಂಧ್ರ’ ಎಂಬ ಮಾತು ವಿರೋಧಾಭಾಸದಂತೆ ಕೇಳಿಸುವುದು ಸಹಜ. ಒಂದು ಕಾಕತಾಳೀಯವನ್ನು ಇಲ್ಲಿ ಹೇಳಬಹುದು. ಮೈಲುತುತ್ತ ಮತ್ತು ಸುಣ್ಣದಿಂದ ತಯಾರಿಸುವ ಬೋರ್ಡೋ ದ್ರಾವಣವು ಬೂಜು ತುಪ್ಪಟ ರೋಗಕ್ಕೆ ಮದ್ದೆಂದು ಫ್ರಾನ್ಸಿನ ಮಿಲಾರ್ಡೆ ಪ್ರಕಟಿಸಿದ್ದು 1885ರಲ್ಲಿ. ಮರದ ಬೇರಿನೊಡನೆ ಕೂಡಿ ಬಾಳುವ ಶಿಲೀಂಧ್ರಕ್ಕೆ ‘ಮೈಕೊರೈಜಾ’, ಅಂದರೆ ಶಿಲೀಂಧ್ರ-ಬೇರು, ಎಂದು ಜರ್ಮನಿಯ ಫ್ರಾಂಕ್ ಹೆಸರಿಟ್ಟದ್ದೂ ಅದೇ 1885ರಲ್ಲಿ. ಮೊದಲನೆಯದು ಕೆಲವೇ ವರ್ಷಗಳಲ್ಲಿ ದ್ರಾಕ್ಷಿ ತೋಟಗಳಿಗೆಲ್ಲ ಹರಡಿತು. ಎರಡನೆಯದು ಬಹುಕಾಲ ವಿಜ್ಞಾನಿಗಳ ಕೋಣೆಯಲ್ಲೇ ಉಳಿಯಿತು.

‘ವ್ಯಾಮ್’ ಎಂಬುದು ‘ವೆಸಿಕ್ಯುಲಾರ್ ಆರ್ಬಸ್ಕ್ಯುಲಾರ್ ಮೈಕೊರೈಜಾ’ ಎಂಬ ಉದ್ದದ ಹೆಸರಿನ ಮೊದಲಕ್ಷರಗಳು. ಈಗ ವಿಜ್ಞಾನಿಗಳು ಮೊದಲ ಪದವನ್ನು ಬಿಟ್ಟು ಆರ್ಬಸ್ಕ್ಯುಲಾರ್ ಮೈಕೊರೈಜಾ ಎಂದಷ್ಟೇ ಹೇಳುತ್ತಾರೆ. ಮಾರುಕಟ್ಟೆಯಲ್ಲಿ ಹಳೆಯ ಹೆಸರೇ ಉಳಿದಿದೆ. ಭೂಮಿಯ ಮೇಲಿನ ಸಸ್ಯಜಾತಿಗಳಲ್ಲಿ ಶೇ. 70ಕ್ಕೂ ಹೆಚ್ಚಿನವು ಈ ಬಗೆಯ ಶಿಲೀಂಧ್ರದೊಡನೆ ಬಾಳುತ್ತವೆ. ಜೋಳ, ಸಜ್ಜೆ, ತೊಗರಿ, ಮೆಕ್ಕೆಜೋಳ, ದಾಳಿಂಬೆ, ನಿಂಬೆ, ದ್ರಾಕ್ಷಿ ಎಲ್ಲವೂ ಇದರಲ್ಲಿ ಸೇರಿವೆ. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ದೊರೆತ ಸುಮಾರು 40 ಕೋಟಿ ವರ್ಷಗಳಷ್ಟು ಹಳೆಯ ಸಸ್ಯ ಪಳೆಯುಳಿಕೆಗಳ ಒಳಗೂ ಇದರ ಗುರುತುಗಳು ಸಿಕ್ಕಿವೆ. ನಮ್ಮ ರಾಜ್ಯಕ್ಕೂ ಈ ವಿಷಯಕ್ಕೂ ದೂರವೇನಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ಡಾ. ಡಿ. ಜೆ. ಭಾಗ್ಯರಾಜ್ ಅವರು ದಶಕಗಳ ಕಾಲ ನಡೆಸಿದ ಮೈಕೊರೈಜಾ ಸಂಶೋಧನೆ ದೇಶದ ಹೊರಗೂ ಹೆಸರಾದುದು.

ಕೆಲಸ ನಡೆಯುವ ಬಗೆ

‘ಮನೆ ಮನೆಗೆ ಗಂಗೆ’ ಕಾಮಗಾರಿಯನ್ನು ಕಣ್ಣಾರೆ ಕಂಡಿರುವ ಸದಸ್ಯರಿಗೆ ಇದನ್ನು ವಿವರಿಸುವುದು ಸುಲಭ. ಊರ ಮುಖ್ಯ ಬೀದಿಯಲ್ಲಿ ದೊಡ್ಡ ಕೊಳವೆ ಹಾದುಹೋದ ಮಾತ್ರಕ್ಕೆ ಓಣಿಯ ಕೊನೆಯ ಮನೆಗೆ ನೀರು ಬರುವುದಿಲ್ಲ. ಸಣ್ಣ ಕೊಳವೆಗಳ ಜಾಲ ಬೇಕು. ದ್ರಾಕ್ಷಿಯ ಬೇರು ಮುಖ್ಯ ಕೊಳವೆಯಂತೆ. ಇಲ್ಲಿ ಹರಿವು ಮಾತ್ರ ತಿರುಗುಮುರುಗು, ಅಂದರೆ ಓಣಿಯಿಂದ ಮುಖ್ಯ ಕೊಳವೆಗೆ. ದ್ರಾಕ್ಷಿಯ ಬೇರು ಸ್ವಭಾವತಃ ಒರಟು, ಅದರ ಮೇಲಿನ ಬೇರುರೋಮಗಳು ವಿರಳ. ಹುಲ್ಲಿನ ಬೇರಿನಂತೆ ಅದು ಮಣ್ಣನ್ನೆಲ್ಲ ಜಾಲಾಡಲಾರದು. ಆ ಕೊರತೆಯನ್ನು ತುಂಬುವುದು ಶಿಲೀಂಧ್ರದ ಎಳೆಗಳು. ಒಂದೊಂದು ಎಳೆಯ ದಪ್ಪ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಬೇರು ನುಗ್ಗಲಾರದ ಮಣ್ಣಿನ ಸಂದುಗಳಲ್ಲಿ ಅದು ನುಗ್ಗುತ್ತದೆ.

ಇದರ ಮಹತ್ವ ತಿಳಿಯಬೇಕಾದರೆ ರಂಜಕದ ಸ್ವಭಾವವನ್ನು ಅರಿಯಬೇಕು. ಸಾರಜನಕವು ನೀರಿನೊಡನೆ ಹರಿದು ಬೇರನ್ನು ತಲುಪುತ್ತದೆ. ರಂಜಕ ಹಾಗಲ್ಲ, ಇದ್ದಲ್ಲೇ ಅಂಟಿಕೊಂಡಿರುತ್ತದೆ. ಬೇರಿನ ಸುತ್ತಲಿನ ಒಂದೆರಡು ಮಿಲಿಮೀಟರ್ ಮಣ್ಣಿನಲ್ಲಿದ್ದ ರಂಜಕವನ್ನು ಬೇರು ಹೀರಿಕೊಂಡ ಮೇಲೆ ಅಲ್ಲಿ ಒಂದು ಬರಿದಾದ ಪದರ ಉಂಟಾಗುತ್ತದೆ. ಪಕ್ಕದಲ್ಲೇ ರಂಜಕವಿದ್ದರೂ ಅದು ಸರಿದು ಬರುವುದು ತೀರ ನಿಧಾನ. ನಮ್ಮ ವಿಜಯಪುರ ಜಿಲ್ಲೆಯ ಕಪ್ಪು ಮಣ್ಣಿನಲ್ಲಂತೂ ಸುಣ್ಣದ ಅಂಶ ಹೆಚ್ಚು, ರಸಸಾರವೂ ಹೆಚ್ಚು. ಹಾಕಿದ ರಂಜಕ ಗೊಬ್ಬರದ ಬಹುಪಾಲು ಸುಣ್ಣದೊಡನೆ ಕೂಡಿ ಬಂಧಿಯಾಗುತ್ತದೆ. ಸತುವಿನ ಕಥೆಯೂ ಹೆಚ್ಚು ಕಡಿಮೆ ಇದೇ. ಶಿಲೀಂಧ್ರದ ಎಳೆಗಳು ಬರಿದಾದ ಪದರವನ್ನು ದಾಟಿ ಕೆಲವು ಸೆಂಟಿಮೀಟರ್ ಆಚೆಯಿಂದ ರಂಜಕ ಮತ್ತು ಸತುವನ್ನು ತರುತ್ತವೆ. ತಂದದ್ದನ್ನು ಬೇರಿನ ಕೋಶದೊಳಗೆ ಪುಟ್ಟ ಪೊದೆಯಂತೆ ಕವಲೊಡೆದು ನಿಂತು ಬಳ್ಳಿಗೆ ಒಪ್ಪಿಸುತ್ತವೆ. ಆ ಪೊದೆಯ ಆಕಾರದಿಂದಲೇ ‘ಆರ್ಬಸ್ಕ್ಯುಲಾರ್’ ಎಂಬ ಹೆಸರು ಬಂದಿದೆ.

ಪ್ರತಿಫಲವಾಗಿ ಬಳ್ಳಿ ಕೊಡುವುದು ಎಲೆಯಲ್ಲಿ ತಯಾರಾದ ಆಹಾರವನ್ನು. ಸಸ್ಯಗಳು ತಮ್ಮ ಗಳಿಕೆಯ ಶೇ. 4ರಿಂದ 20ರವರೆಗೆ ಈ ಶಿಲೀಂಧ್ರಕ್ಕೆ ವ್ಯಯಿಸುತ್ತವೆಂದು ಅಂದಾಜಿಸಲಾಗಿದೆ. ಇದು ಸಣ್ಣ ಮೊತ್ತವಲ್ಲ. ಶಿಲೀಂಧ್ರಕ್ಕೆ ಬೇರೆ ಗಳಿಕೆಯ ಮಾರ್ಗವೇ ಇಲ್ಲ. ಜೀವಂತ ಬೇರಿಲ್ಲದೆ ಅದು ತನ್ನ ಬಾಳನ್ನು ಪೂರೈಸಲಾರದು. ಮುಂದೆ ಬರುವ ಎಲ್ಲ ವಿಚಾರಗಳಿಗೂ ಈ ಒಂದು ಸಂಗತಿಯೇ ಆಧಾರ.

ಬಳ್ಳಿಯೂ ಲೆಕ್ಕಾಚಾರವಿಲ್ಲದೆ ಖರ್ಚು ಮಾಡುವುದಿಲ್ಲ. ರಂಜಕದ ಕೊರತೆಯಾದಾಗ ಬೇರು ಒಂದು ರಾಸಾಯನಿಕವನ್ನು ಮಣ್ಣಿಗೆ ಸೂಸಿ ಶಿಲೀಂಧ್ರವನ್ನು ಕರೆಯುತ್ತದೆ. ರಂಜಕ ಧಾರಾಳವಾಗಿದ್ದರೆ ಆ ಕರೆ ನಿಲ್ಲುತ್ತದೆ. ಕೂಲಿಯವರನ್ನು ಕರೆಯದೆ ಕೆಲಸ ನಡೆಯುವುದಾದರೆ ಕೂಲಿ ಕೊಡುವವರಾರು? ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಪಿನೊ ನ್ವಾರ್ ಎಂಬ ದ್ರಾಕ್ಷಿ ತಳಿಯ ಮೇಲೆ ನಡೆದ ಪ್ರಯೋಗಗಳು ಇದನ್ನು ಸ್ಪಷ್ಟವಾಗಿ ತೋರಿಸಿವೆ. ರಂಜಕ ಕಡಿಮೆಯಿರುವ ಗುಡ್ಡದ ಕೆಂಪು ಮಣ್ಣಿನಲ್ಲಿ ಶಿಲೀಂಧ್ರವಿಲ್ಲದ ಬಳ್ಳಿಗಳು ಕುಬ್ಜವಾದವು; ರಂಜಕ ಹೆಚ್ಚಿರುವ ಕಣಿವೆಯ ಮಣ್ಣಿನಲ್ಲಿ ಶಿಲೀಂಧ್ರವಿದ್ದರೂ ಇಲ್ಲದಿದ್ದರೂ ವ್ಯತ್ಯಾಸ ಅಷ್ಟಾಗಿ ಕಾಣಲಿಲ್ಲ.

ಇದರರ್ಥ ರಂಜಕ ಗೊಬ್ಬರವನ್ನು ಪೂರ್ಣ ನಿಲ್ಲಿಸಬೇಕೆಂದಲ್ಲ. ಆದರೆ ನಾಟಿಯ ಹೊತ್ತಿಗೆ ಡಿಎಪಿ, ಆಮೇಲೆ ಹನಿ ನೀರಾವರಿಯಲ್ಲಿ 12-61-00, ಅದರ ಮೇಲೆ 00-52-34, ನಡುವೆ ಫಾಸ್ಫಾರಿಕ್ ಆಮ್ಲ ಎಂಬಂತೆ ಅಭ್ಯಾಸಬಲದಿಂದ ಕೊಡುತ್ತಾ ಹೋಗುವ ತೋಟದಲ್ಲಿ ಪಂಚಾಯತಿಯು ವ್ಯಾಮ್ ಹಂಚಿದರೆ ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಿತ್ತುಕೊಂಡಂತೆ. ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳ ವಿವರವಿರುತ್ತದೆ. ಶಿಲೀಂಧ್ರದ ಬಗ್ಗೆ ಅದರಲ್ಲಿ ಒಂದು ಸಾಲೂ ಇಲ್ಲ. ಆದರೂ ಲಭ್ಯ ರಂಜಕದ ಸಾಲು ನಮಗೆ ಸಾಕು. ಅಲ್ಲಿ ‘ಅಧಿಕ’ ಎಂದಿರುವ ಜಮೀನಿಗೆ ವ್ಯಾಮ್ ಕೊಡುವುದು ಸಾರ್ವಜನಿಕ ಹಣದ ಅಪವ್ಯಯವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆ ರೈತನಿಗೆ ಬೇಕಾದುದು ಗೊಬ್ಬರದ ಪ್ರಮಾಣವನ್ನು ತಗ್ಗಿಸುವ ಸಲಹೆ.

ಶಿಲೀಂಧ್ರ ನಾಶವಾಗುವ ಸಂದರ್ಭಗಳು

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ನಮ್ಮ ಜಿಲ್ಲೆಯಂತೆಯೇ ಬೇಸಿಗೆಯಲ್ಲಿ ಬಿರುಕು ಬಿಡುವ ಕಪ್ಪು ಎರೆ ಮಣ್ಣಿನ ಸೀಮೆಯೊಂದಿದೆ. ಅಲ್ಲಿ ವರ್ಷಕ್ಕೂ ಹೆಚ್ಚು ಕಾಲ ಬೀಳು ಬಿಟ್ಟ ಹೊಲದಲ್ಲಿ ಬಿತ್ತಿದ ಬೆಳೆ, ತೇವವಿದ್ದರೂ ಸಾರಜನಕವಿದ್ದರೂ, ರಂಜಕ ಮತ್ತು ಸತುವಿನ ಕೊರತೆಯಿಂದ ಕುಂಠಿತವಾಗುತ್ತಿತ್ತು. ಬಿಡುವು ಕೊಟ್ಟ ಭೂಮಿ ಚೆನ್ನಾಗಿ ಬೆಳೆಯಬೇಕಲ್ಲವೇ ಎಂಬುದು ರೈತರ ಪ್ರಶ್ನೆಯಾಗಿತ್ತು. 1980ರ ದಶಕದ ಸಂಶೋಧನೆಯು ಕಾರಣವನ್ನು ಬಯಲಿಗೆ ತಂದಿತು: ಕಳೆಯನ್ನೂ ಬೆಳೆಯಗೊಡದೆ ಬರಿದಾಗಿ ಇಟ್ಟ ನೆಲದಲ್ಲಿ ಜೀವಂತ ಬೇರಿಲ್ಲದೆ ಶಿಲೀಂಧ್ರ ಕ್ಷೀಣಿಸಿತ್ತು. ಬರದಿಂದಾಗಿ ಒಂದೆರಡು ವರ್ಷ ಬಿತ್ತನೆಯಿಲ್ಲದೆ ಹರಗಿ ಬಿಟ್ಟ ಹೊಲವನ್ನು ನೇರವಾಗಿ ದ್ರಾಕ್ಷಿಗೆ ತೆಗೆದುಕೊಳ್ಳುವವರು ಈ ಸಂಗತಿಯನ್ನು ಗಮನಿಸಬೇಕು. ನಾಟಿಗೆ ಮೊದಲು ಒಂದು ಹಂಗಾಮು ಸೆಣಬು, ಅಲಸಂದೆ, ಮೆಕ್ಕೆಜೋಳ ಅಥವಾ ಜೋಳ ಬೆಳೆದರೆ ಆ ಬೇರುಗಳ ಮೇಲೆ ಶಿಲೀಂಧ್ರ ಮತ್ತೆ ವೃದ್ಧಿಯಾಗುತ್ತದೆ. ಸಾಸಿವೆ, ಎಲೆಕೋಸು, ಹೂಕೋಸು, ಮೂಲಂಗಿಗಳ ಬೇರು ಮಾತ್ರ ಈ ಶಿಲೀಂಧ್ರಕ್ಕೆ ಆಶ್ರಯ ಕೊಡುವುದಿಲ್ಲ. ಆದುದರಿಂದ ಈ ಉದ್ದೇಶಕ್ಕೆ ಅವು ಸಲ್ಲವು.

ಇನ್ನೊಂದು ನಿದರ್ಶನ ಕ್ಯಾಲಿಫೋರ್ನಿಯಾದ್ದು. ಅಲ್ಲಿನ ಕಿತ್ತಳೆ ಜಾತಿಯ ನರ್ಸರಿಗಳಲ್ಲಿ ರೋಗಾಣುಗಳನ್ನು ಕೊಲ್ಲಲು ಮಣ್ಣಿಗೆ ವಿಷಾನಿಲ ಹಾಯಿಸುತ್ತಿದ್ದರು. ಶುದ್ಧವಾದ ಆ ಮಣ್ಣಿನಲ್ಲಿ ಸಸಿಗಳು ಬೆಳೆಯಲೇ ಇಲ್ಲ. ವಿಷದ ಶೇಷವೇ ಕಾರಣವೆಂದು ಬಹಳ ಕಾಲ ನಂಬಲಾಗಿತ್ತು. ಶತ್ರುವಿನೊಡನೆ ಮಿತ್ರನೂ ಸತ್ತಿದ್ದೇ ನಿಜವಾದ ಕಾರಣವೆಂದು 1972ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಮ್ಮಲ್ಲಿ ಅಂಥ ಅನಿಲದ ಬಳಕೆಯಿಲ್ಲದಿದ್ದರೂ ಡಾಗ್‌ರಿಜ್ ಬೇರುಸಸಿಗಳನ್ನು ತೆಂಗಿನ ನಾರಿನ ಪುಡಿ ತುಂಬಿದ ಚೀಲಗಳಲ್ಲಿ ಬೆಳೆಸುವುದುಂಟು. ಆ ಪುಡಿಯಲ್ಲಿ ಶಿಲೀಂಧ್ರವಿರುವುದಿಲ್ಲ. ಕಾರ್ಬೆಂಡಜಿಮ್‌ನಂತಹ ಶಿಲೀಂಧ್ರನಾಶಕವನ್ನು ಬುಡಕ್ಕೆ ಸುರಿಯುವ ರೂಢಿಯೂ ಇದೆ. ಎಲೆಯ ಮೇಲಿನ ಸಿಂಪರಣೆಗಿಂತ ಬುಡಕ್ಕೆ ಸುರಿದ ಔಷಧ ಬೇರಿನ ಒಡನಾಡಿಗೆ ಹೆಚ್ಚು ಹಾನಿಕರ. ರೋಗವಿದ್ದರೆ ಔಷಧ ಅನಿವಾರ್ಯವೆಂಬುದನ್ನು ಯಾರೂ ಅಲ್ಲಗಳೆಯರು; ರೋಗವಿಲ್ಲದೆಯೂ ‘ಇರಲಿ’ ಎಂದು ಸುರಿಯುವುದರ ಬಗ್ಗೆ ಇಲ್ಲಿ ಹೇಳಿದ್ದು.

ನಮ್ಮ ಕಾಮಗಾರಿಗಳಲ್ಲಿ ಮೇಲ್ಮಣ್ಣು

ಸಿವಿಲ್ ಎಂಜಿನಿಯರಿಂಗ್ ಪಠ್ಯದಲ್ಲಿ ಮೇಲ್ಮಣ್ಣಿಗೆ ಇರುವ ಸ್ಥಾನ ವಿಚಿತ್ರವಾದುದು. ಅಡಿಪಾಯಕ್ಕಾಗಲಿ ರಸ್ತೆಗಾಗಲಿ ಅದು ಅನುಪಯುಕ್ತ. ಬೇರು, ಹುಲ್ಲು, ಸಾವಯವ ಪದಾರ್ಥಗಳಿರುವ ಆ ಪದರವನ್ನು ಮೊದಲು ಕೆರೆದು ತೆಗೆಯಬೇಕೆಂದೇ ನಮಗೆ ಕಲಿಸಲಾಗಿದೆ. ಕಟ್ಟಡದ ದೃಷ್ಟಿಯಿಂದ ಆ ಪಾಠ ಸರಿ. ಆದರೆ ತೆಗೆದದ್ದನ್ನು ಎಲ್ಲಿ ಹಾಕಬೇಕೆಂಬುದನ್ನು ಪಾಠ ಹೇಳಲಿಲ್ಲ. ಅಳತೆ ಪುಸ್ತಕದಲ್ಲಿ ನಾವು ಬರೆಯುವುದು ಉದ್ದ, ಅಗಲ, ಆಳ ಮತ್ತು ಘನ ಮೀಟರ್. ಮೊದಲ ಘನ ಮೀಟರಿಗೂ ಕೊನೆಯ ಘನ ಮೀಟರಿಗೂ ಅಲ್ಲಿ ವ್ಯತ್ಯಾಸವಿಲ್ಲ. ಹೊಲದಲ್ಲಿ ಇದೆ. ಬೇರಿನ ಶಿಲೀಂಧ್ರವೂ ಅದರ ಬೀಜಕಣಗಳೂ ಹೆಚ್ಚಾಗಿ ಇರುವುದು ಮೇಲಿನ ಒಂದು ಅಡಿಯೊಳಗೆ, ಬೇರುಗಳು ದಟ್ಟವಾಗಿರುವಲ್ಲಿ.

ಕೃಷಿ ಹೊಂಡವನ್ನೇ ತೆಗೆದುಕೊಳ್ಳೋಣ. ಯಂತ್ರವಾಗಲಿ ಕೂಲಿಕಾರರಾಗಲಿ ಮೊದಲು ಅಗೆಯುವುದು ಮೇಲ್ಮಣ್ಣನ್ನು. ಅದು ಏರಿಯ ತಳ ಸೇರುತ್ತದೆ. ಕೊನೆಗೆ ಬರುವ ಸುಣ್ಣದ ಹರಳಿನ ಬಿಳಿ ಮಣ್ಣು ಅಥವಾ ಗರಸು ಏರಿಯ ಮೇಲೂ ಪಕ್ಕದ ಹೊಲದ ಮೇಲೂ ಹರಡುತ್ತದೆ. ಮುಂದೆ ಅದೇ ಜಾಗದಲ್ಲಿ ಬಳ್ಳಿ ನಾಟಿ ಮಾಡಿದ ರೈತ, ಎಲೆ ಹಳದಿಯಾಯಿತು, ಬೆಳವಣಿಗೆಯಿಲ್ಲ ಎಂದು ನಮ್ಮಲ್ಲಿಗೇ ವ್ಯಾಮ್ ಕೇಳಲು ಬರುತ್ತಾನೆ. ದ್ರಾಕ್ಷಿ ನಾಟಿಯ ಕಾಲುವೆಯಲ್ಲೂ ನಡೆಯುವುದು ಇದೇ. ಜೆಸಿಬಿಯಿಂದ ಎರಡೂವರೆ ಅಡಿ ಆಳ ತೋಡಿ, ಬಂದ ಮಣ್ಣನ್ನೆಲ್ಲ ಒಂದೇ ಗುಡ್ಡೆ ಮಾಡಿ ಮರಳಿ ತುಂಬಿದರೆ ಎಳೆಯ ಬೇರು ಕಣ್ಣು ಬಿಡುವುದು ಜೀವವಿಲ್ಲದ ಕೆಳಮಣ್ಣಿನಲ್ಲಿ. ಕಂಬ, ತಂತಿ, ಹನಿ ಕೊಳವೆ, ಸಸಿ, ಕಸಿ ಎಂದು ಲಕ್ಷಾಂತರ ರೂಪಾಯಿ ಸುರಿದ ತೋಟದ ಮೊದಲ ವರ್ಷ ಹೀಗೆ ಕಳೆಯುತ್ತದೆ. ಬ್ಯಾಂಕಿನ ಬಡ್ಡಿಗೆ ಮೊದಲ ವರ್ಷವೆಂಬ ವಿನಾಯಿತಿಯಿಲ್ಲ.

ಪಂಚಾಯತಿ ಮಾಡಬಹುದಾದದ್ದು ಸರಳ. ಉದ್ಯೋಗ ಖಾತ್ರಿಯ ಕೃಷಿ ಹೊಂಡ, ಭೂ ಸಮತಟ್ಟು, ತೋಟಗಾರಿಕೆ ಕಾಮಗಾರಿಗಳ ಅಂದಾಜು ಪಟ್ಟಿ ತಯಾರಾಗುವಾಗಲೇ ತಾಂತ್ರಿಕ ಸಹಾಯಕರಿಗೆ ಹೇಳಿ ಒಂದು ಷರತ್ತನ್ನು ಸೇರಿಸುವುದು: ಮೇಲಿನ 20 ಸೆಂಟಿಮೀಟರ್ ಮಣ್ಣನ್ನು ಪ್ರತ್ಯೇಕವಾಗಿ ಇರಿಸಿ, ಕೆಲಸ ಮುಗಿದ ಮೇಲೆ ಅದನ್ನೇ ಮೇಲ್ಪದರವಾಗಿ ಹರಡತಕ್ಕದ್ದು. ಗುಡ್ಡೆ ಎತ್ತರವಾಗಿರಬಾರದು, ತಿಂಗಳುಗಟ್ಟಲೆ ಬಿಡಲೂಬಾರದು. ಗಣಿಗಾರಿಕೆಯ ಪ್ರದೇಶಗಳ ಅನುಭವದಂತೆ ದೀರ್ಘಕಾಲ ರಾಶಿ ಹಾಕಿದ ಮೇಲ್ಮಣ್ಣಿನಲ್ಲಿ ಶಿಲೀಂಧ್ರದ ಶಕ್ತಿ ಕುಗ್ಗುತ್ತದೆ. ಮಣ್ಣನ್ನು ಎರಡು ಸಲ ಮುಟ್ಟಬೇಕಾದುದರಿಂದ ಸ್ವಲ್ಪ ಹೆಚ್ಚು ಮಾನವ ದಿನಗಳು ಬೇಕಾಗುವುದು ನಿಜ. ಉದ್ಯೋಗ ನೀಡುವುದೇ ಉದ್ದೇಶವಾದ ಯೋಜನೆಯಲ್ಲಿ ಅದನ್ನು ದೋಷವೆನ್ನಲಾಗದು. ರಸ್ತೆ ಕೆಲಸಕ್ಕೆ ಮಣ್ಣು ಎತ್ತುವಾಗ ಗುತ್ತಿಗೆದಾರನು ಪಕ್ಕದ ಹೊಲದ ಮೇಲ್ಪದರವನ್ನು ಕೆರೆಯದಂತೆ ನೋಡಿಕೊಳ್ಳುವುದು ಆ ವಾರ್ಡಿನ ಸದಸ್ಯರಿಂದಲೇ ಆಗಬೇಕಾದ ಕೆಲಸ. ಅಲ್ಲಿ ಅಧಿಕಾರಿಯು ವಾರಕ್ಕೊಮ್ಮೆ ಹೋಗಬಲ್ಲನು, ಸದಸ್ಯರು ದಿನವೂ ಹಾದುಹೋಗುತ್ತಾರೆ.

ಕೆರೆ ಹೂಳಿನ ಬಗ್ಗೆ ಒಂದು ಮಾತು. ಹೂಳು ಒಳ್ಳೆಯದು, ನೀರು ಹಿಡಿಯುವ ಗುಣವೂ ಪೋಷಕಾಂಶವೂ ಅದರಲ್ಲಿವೆ. ಆದರೆ ಜೀವಂತ ಬೇರಿಲ್ಲದೆ ನೀರಿನಡಿ ವರ್ಷಗಟ್ಟಲೆ ಕಳೆದ ಮಣ್ಣನ್ನು ಈ ಶಿಲೀಂಧ್ರದ ಮೂಲವೆಂದು ನಂಬಲಾಗದು. ಹೂಳನ್ನು ಅಡಿ ದಪ್ಪ ಹೊದಿಸಿ ಹೊಲದ ಮಣ್ಣನ್ನು ಹೂತುಹಾಕುವ ಬದಲು ತೆಳುವಾಗಿ ಹರಡಿ ಬೆರೆಸುವುದು ಮೇಲು. ಹೊಲದ ಬದುಗಳ ಮೇಲಿನ ಹುಲ್ಲೂ ಹೀಗೆಯೇ ಗಮನಕ್ಕೆ ಅರ್ಹ. ವರ್ಷವಿಡೀ ಜೀವಂತ ಬೇರಿರುವ, ಉಳುಮೆ ಕಾಣದ ಜಾಗವೆಂದರೆ ಅದೊಂದೇ. ಬೇಸಿಗೆಯಲ್ಲಿ ಅದಕ್ಕೆ ಬೆಂಕಿ ಇಡುವುದು, ಕಳೆನಾಶಕ ಹೊಡೆಯುವುದು ಕಡಿಮೆಯಾದಷ್ಟೂ ಒಳಿತು.

ಖರೀದಿಸಲೇಬೇಕಾದಾಗ

ಶಿಲೀಂಧ್ರ ನಿಜವಾಗಿಯೂ ಇಲ್ಲದಿರಬಹುದಾದ ಸಂದರ್ಭಗಳು ಮೇಲೆ ಬಂದಿವೆ: ನಾರಿನ ಪುಡಿಯ ನರ್ಸರಿ ಚೀಲ, ಕೆಳಮಣ್ಣು ಮೇಲೆ ಬಂದ ಜಮೀನು, ಬಹುಕಾಲ ಬರಿದಾಗಿದ್ದ ಹೊಲ. ಇಂಥಲ್ಲಿ ಹೊರಗಿನಿಂದ ತಂದು ಕೊಡುವುದಕ್ಕೆ ಅರ್ಥವಿದೆ. ಕೊಡಬೇಕಾದ ಹೊತ್ತು ನರ್ಸರಿಯಲ್ಲಿ ಕಡ್ಡಿ ಬೇರು ಬಿಡುವಾಗ ಅಥವಾ ನಾಟಿಯ ಗುಂಡಿಯಲ್ಲಿ, ಬೇರಿಗೆ ತಾಗುವಂತೆ. ಹತ್ತು ವರ್ಷದ ಬಳ್ಳಿಯ ಬುಡದ ಸುತ್ತ ಪುಡಿಯನ್ನು ಎರಚಿದರೆ ಫಲ ಕಾಣುವ ಸಂಭವ ಕಡಿಮೆ. ಆ ಬೇರುಗಳಲ್ಲಿ ಊರಿನ ಶಿಲೀಂಧ್ರ ಮೊದಲೇ ನೆಲೆಸಿರುತ್ತದೆ.

ಮಾರಾಟಗಾರರ ಮಾತುಗಳನ್ನು ಪರೀಕ್ಷಿಸಲು ಸದಸ್ಯರಿಗೆ ಸೂಕ್ಷ್ಮದರ್ಶಕ ಬೇಕಿಲ್ಲ. ರೈಜೋಬಿಯಂ, ಟ್ರೈಕೋಡರ್ಮ, ರಂಜಕ ಕರಗಿಸುವ ಬ್ಯಾಕ್ಟೀರಿಯಾ, ಇವೆಲ್ಲ ಕಾರ್ಖಾನೆಯ ತೊಟ್ಟಿಯಲ್ಲಿ ಬೆಳೆಯುವಂಥವು. ಅವುಗಳ ಪೊಟ್ಟಣದ ಮೇಲೆ ‘ಸಿಎಫ್‌ಯು’, ಅಂದರೆ ಗ್ರಾಮಿಗೆ ಇಷ್ಟು ಕೋಟಿ ಜೀವಾಣು, ಎಂಬ ಲೆಕ್ಕವಿರುತ್ತದೆ. ಮೈಕೊರೈಜಾ ಹಾಗೆ ಬೆಳೆಯದು. ಅದನ್ನು ಬೆಳೆಸಬೇಕಾದರೆ ಜೀವಂತ ಬೇರು ಬೇಕು. ಅದರ ಲೆಕ್ಕ ಬೀಜಕಣಗಳಲ್ಲಿ, ಬೇರಿಗೆ ಸೋಂಕು ತಾಗಿಸಬಲ್ಲ ಕಣಗಳ ಸಂಖ್ಯೆಯಲ್ಲಿ. ಅದೂ ಕೋಟಿಗಳಲ್ಲಲ್ಲ, ಗ್ರಾಮಿಗೆ ನೂರರ ಆಸುಪಾಸಿನಲ್ಲಿ. ಮೈಕೊರೈಜಾ ಪೊಟ್ಟಣದ ಮೇಲೆ ಕೋಟಿಗಟ್ಟಲೆ ಸಿಎಫ್‌ಯು ಎಂದು ಬರೆದಿದ್ದರೆ ತಯಾರಿಸಿದವರಿಗೆ ವಿಷಯ ತಿಳಿದಿಲ್ಲ, ಅಥವಾ ನಮಗೆ ತಿಳಿದಿಲ್ಲವೆಂದು ಅವರು ಭಾವಿಸಿದ್ದಾರೆ. ‘ಒಂದು ಕಿಲೋ ಪುಡಿಯನ್ನು ಬೆಲ್ಲದ ನೀರಿನ ಡ್ರಮ್ಮಿನಲ್ಲಿ ಹಾಕಿ ಇನ್ನೂರು ಲೀಟರ್ ಮಾಡಿಕೊಳ್ಳಿ’ ಎಂಬ ಸಲಹೆ ಟ್ರೈಕೋಡರ್ಮಕ್ಕೆ ಒಪ್ಪೀತು, ಇದಕ್ಕೆ ಒಪ್ಪದು.

ಜೈವಿಕ ಗೊಬ್ಬರಗಳು 1985ರ ರಸಗೊಬ್ಬರ (ನಿಯಂತ್ರಣ) ಆದೇಶದ ವ್ಯಾಪ್ತಿಗೆ ಬಂದಿವೆ. ಮೈಕೊರೈಜಾಕ್ಕೂ ಅದರಲ್ಲಿ ಮಾನದಂಡವಿದೆ. ಖರೀದಿಯ ಪ್ರಕಟಣೆಯಲ್ಲಿ ‘ವ್ಯಾಮ್ ಪುಡಿ, ಉತ್ತಮ ಗುಣಮಟ್ಟದ್ದು’ ಎಂದು ಬರೆದು ಬಿಟ್ಟರೆ ಅಗ್ಗದ ಸುದ್ದೆ ಮಣ್ಣೂ ಅರ್ಹವಾಗುತ್ತದೆ. ಆದೇಶದ ಮಾನದಂಡಕ್ಕೆ ಅನುಗುಣವಾಗಿರಬೇಕು, ತಯಾರಿಕೆಯ ದಿನಾಂಕ, ಅವಧಿ, ಬ್ಯಾಚ್ ಸಂಖ್ಯೆ ಇರಬೇಕು, ಸರಬರಾಜಾದ ಸರಕಿನ ಮಾದರಿಯನ್ನು ಕೃಷಿ ಇಲಾಖೆಯ ರಸಗೊಬ್ಬರ ಪರಿವೀಕ್ಷಕರು ತೆಗೆದು ವರದಿ ಬಂದ ಮೇಲೆಯೇ ಹಣ ಪಾವತಿ ಎಂದು ಬರೆಯಬೇಕು. ಬೇರೆ ಬೇರೆ ದೇಶಗಳಲ್ಲಿ ಅಂಗಡಿಯಿಂದ ಕೊಂಡು ಪರೀಕ್ಷಿಸಿದ ಮೈಕೊರೈಜಾ ಉತ್ಪನ್ನಗಳಲ್ಲಿ ಬಹುಪಾಲು ಬೇರಿಗೆ ಸೋಂಕನ್ನೇ ತಾಗಿಸಲಿಲ್ಲವೆಂಬುದನ್ನು ನೆನೆದರೆ ಈ ಎಚ್ಚರ ಅತಿಯಾದುದಲ್ಲ. ದಾಸ್ತಾನಿನ ವಿಷಯವೂ ಅಷ್ಟೇ ಮುಖ್ಯ. ಪಂಚಾಯತಿಯ ತಗಡಿನ ಕೊಠಡಿಯಲ್ಲಿ ಏಪ್ರಿಲ್ ಬಿಸಿಲಿಗೆ ಬೆಂದ ಪುಡಿಯನ್ನು ಜೂನ್‌ನಲ್ಲಿ ಹಂಚುವುದು ಬೇಡ.

ಕೊಳ್ಳುವುದಕ್ಕಿಂತ ಬೆಳೆಸುವುದು ಒಂದು ದಾರಿ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯವು ಪ್ರಚಾರಕ್ಕೆ ತಂದ ವಿಧಾನದಲ್ಲಿ 1 ಮೀಟರ್ ಉದ್ದ, 1 ಮೀಟರ್ ಅಗಲ, 30 ಸೆಂಟಿಮೀಟರ್ ಆಳದ ಗುಂಡಿಗೆ ಕಪ್ಪು ಪಾಲಿಥಿನ್ ಹಾಸಿ, 50 ಕಿಲೋ ವರ್ಮಿಕ್ಯುಲೈಟ್ ಮತ್ತು 5 ಕಿಲೋ ಶುದ್ಧೀಕರಿಸಿದ ಮಣ್ಣು ತುಂಬಿ, 1 ಕಿಲೋ ಮೂಲ ಮೈಕೊರೈಜಾವನ್ನು ಮೇಲ್ಭಾಗದಲ್ಲಿ ಹರಡಿ ಮೆಕ್ಕೆಜೋಳ ಬಿತ್ತುತ್ತಾರೆ. 60 ದಿನಗಳಾದ ಮೇಲೆ ಗಿಡ ಕಡಿದು, ಬೇರುಗಳನ್ನು ಸಣ್ಣಗೆ ಕೊಚ್ಚಿ ಅದೇ ಮಿಶ್ರಣದಲ್ಲಿ ಕಲಸಿದರೆ ಸುಮಾರು 55 ಕಿಲೋ ಸಿದ್ಧವಾಗುತ್ತದೆ. ಮಹಿಳಾ ಸ್ವಸಹಾಯ ಸಂಘವೊಂದು ಸಸಿ ಬೆಳೆಸುವ ಕೆಲಸದ ಜೊತೆಗೇ ಇದನ್ನು ಮಾಡಬಹುದು. ಸ್ವಂತ ಸಸಿಗಳಿಗೆ ಬಳಸಲು ಅಡ್ಡಿಯಿಲ್ಲ. ಪೊಟ್ಟಣ ಕಟ್ಟಿ ಮಾರಬೇಕಾದರೆ ಮೇಲೆ ಹೇಳಿದ ಆದೇಶ ಅನ್ವಯಿಸುತ್ತದೆ ಎಂಬುದನ್ನು ಸಂಘದವರಿಗೆ ಮೊದಲೇ ತಿಳಿಸಬೇಕು. ಮೂಲ ಮೈಕೊರೈಜಾಕ್ಕಾಗಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಅಥವಾ ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವನ್ನು ವಿಚಾರಿಸುವುದು ಕ್ಷೇಮ.

ಬೇರನ್ನು ನೋಡುವ ಪರೀಕ್ಷೆ

ಶಿಲೀಂಧ್ರವಿದೆಯೇ ಇಲ್ಲವೇ ಎಂಬುದನ್ನು ಊಹಿಸಬೇಕಾಗಿಲ್ಲ. 1998ರಲ್ಲಿ ಪ್ರಕಟವಾದ ಒಂದು ವಿಧಾನಕ್ಕೆ ಬೇಕಾದುದು ಬರೆಯುವ ಶಾಯಿ ಮತ್ತು ಅಡುಗೆಯ ವಿನೆಗರ್. ನಮ್ಮ ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕವಿದ್ದರೆ ವಿಜ್ಞಾನ ಶಿಕ್ಷಕರು ಅದನ್ನು ಮಾಡಿ ತೋರಿಸಬಲ್ಲರು. ತೊಳೆದ ಎಳೆಬೇರುಗಳನ್ನು ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕುದಿಸಿದರೆ ಅವು ಪಾರದರ್ಶಕವಾಗುತ್ತವೆ. ದ್ರಾಕ್ಷಿಯ ಬೇರು ಕಂದು ಬಣ್ಣದ್ದಾದ್ದರಿಂದ ಇತರ ಬೇರುಗಳಿಗಿಂತ ಹೆಚ್ಚು ಹೊತ್ತು ಬೇಕು. ಈ ಕ್ಷಾರ ಚರ್ಮವನ್ನೂ ಕಣ್ಣನ್ನೂ ಸುಡುವಂಥದು. ಈ ಹಂತವನ್ನು ಕೈಗವಸು, ಕನ್ನಡಕ ಧರಿಸಿದ ಶಿಕ್ಷಕರೇ ಮಾಡಬೇಕು, ಮಕ್ಕಳ ಕೈಗೆ ಕೊಡಕೂಡದು. ಬಳಿಕ ಬೇರನ್ನು ಚೆನ್ನಾಗಿ ತೊಳೆದು, ವಿನೆಗರಿನಲ್ಲಿ ಶೇ. 5ರಷ್ಟು ಶಾಯಿ ಬೆರೆಸಿದ ದ್ರಾವಣದಲ್ಲಿ 3 ನಿಮಿಷ ಕುದಿಸಿ, ಕೆಲವು ಹನಿ ವಿನೆಗರ್ ಹಾಕಿದ ನೀರಿನಲ್ಲಿ 20 ನಿಮಿಷ ಬಿಡಬೇಕು. ಬೇರಿನ ಬಣ್ಣ ಬಿಟ್ಟುಹೋಗುತ್ತದೆ, ಶಿಲೀಂಧ್ರ ಶಾಯಿಯನ್ನು ಹಿಡಿದುಕೊಳ್ಳುತ್ತದೆ. ಸೂಕ್ಷ್ಮದರ್ಶಕದಲ್ಲಿ ಎಳೆಗಳು, ದುಂಡನೆಯ ಕೋಶಗಳು, ದೊಡ್ಡದು ಮಾಡಿ ನೋಡಿದರೆ ಪೊದೆಗಳು ಕಾಣಿಸುತ್ತವೆ.

ವ್ಯಾಮ್ ಬೇಡಿಕೆ ಬಂದ ಊರಿನಲ್ಲಿ ನಾಲ್ಕೈದು ತೋಟಗಳಿಂದ ಇಂತಹ ಮಾದರಿ ತೆಗೆಸಿ, ಫಲಿತಾಂಶವನ್ನು ಆಯಾ ರೈತರ ಮಣ್ಣು ಆರೋಗ್ಯ ಕಾರ್ಡಿನ ರಂಜಕದ ಸಾಲಿನೊಡನೆ ಗ್ರಾಮ ಸಭೆಯ ಮುಂದಿಟ್ಟು ನಂತರ ನಿರ್ಣಯ ಬರೆಯುವುದು ಸೂಕ್ತ. ಹಂಚಿಕೆ ನಡೆದಿದ್ದರೆ ನಾಟಿಯಾದ ಮೂರು ತಿಂಗಳ ಬಳಿಕ ಕೊಟ್ಟ ಸಾಲಿನಿಂದಲೂ ಕೊಡದ ಸಾಲಿನಿಂದಲೂ ಬೇರೆ ಬೇರೆಯಾಗಿ ಮಾದರಿ ತೆಗೆಯಬೇಕು. ಕೊಡದೆ ಬಿಟ್ಟ ಒಂದು ಸಾಲು ಇಲ್ಲದಿದ್ದರೆ ಹೋಲಿಕೆಗೆ ಆಧಾರವೇ ಇರದು. ಮಾದರಿಗೆ ಬೇಕಾದುದು ಹನಿ ಬೀಳುವ ಜಾಗದ ಸಮೀಪ, ಅರ್ಧದಿಂದ ಒಂದು ಅಡಿ ಆಳದಲ್ಲಿ ಸಿಗುವ ದಾರದಷ್ಟು ತೆಳ್ಳಗಿನ ಬೇರು. ಹೆಬ್ಬೆರಳು ದಪ್ಪದ ಹಳೆಯ ಬೇರಿನಲ್ಲಿ ಹುಡುಕಿ ಫಲವಿಲ್ಲ. ಕಿತ್ತ ಬೇರನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ರೈತನ ಹೆಸರು, ಸರ್ವೆ ನಂಬರು ಮತ್ತು ದಿನಾಂಕ ಬರೆದು ಅದೇ ದಿನ ಶಾಲೆಗೆ ತಲುಪಿಸಬೇಕು. ಒಣಗಿ ಸುರುಟಿದ ಬೇರಿನಲ್ಲಿ ಯಾವುದೂ ಸರಿಯಾಗಿ ಕಾಣಿಸುವುದಿಲ್ಲ.